ಫೈರ್ ಇಂಜಿನ್ನಿನ ಹಿತ್ತಾಳೆ ಗಂಟೆ

ಇವತ್ತು ದೇವರ ಸಾಮಾನಿಗೆ ಹುಣಸೆಹಣ್ಣು ಹಚ್ಚುವಾಗ ಆ ಹುಳಿ ವಾಸನೆ ನನ್ನನ್ನು ಸೀದಾ ವಿಜಯವಾಡಕ್ಕೆ ಕರೆದೊಯ್ದಿತು. ನನ್ನ ಚಿಕ್ಕಂದಿನಲ್ಲಿ, ಬ್ಯಾಂಕಿನಲ್ಲಿದ್ದ ಅಪ್ಪನಿಗೆ ಅಲ್ಲಿಗೆ ವರ್ಗವಾಗಿತ್ತು. ನಮ್ಮ ಬಾಡಿಗೆ ಮನೆಯ ಎದುರೇ ಅಗ್ನಿಶಾಮಕ ಠಾಣೆ. ಅಲ್ಲಿನ ಹಳೇ ಫೈರ್ ಇಂಜಿನ್ನಿಗೆ ಹಿತ್ತಾಳೆಯ ಗಂಟೆಯಿತ್ತು. ಡ್ರೈವರ್ ಸೂರಯ್ಯಗಾರು ದಿನಾ ಬೆಳಿಗ್ಗೆ ಸದ್ದಾಗದಂತೆ ಅದರ ನಾಲಿಗೆಗೆ ಬಟ್ಟೆ ಸುತ್ತಿ, ಹುಣಸೆಹಣ್ಣು ಹಚ್ಚಿ ಮುಖ ಕಾಣುವಷ್ಟು ಉಜ್ಜುತ್ತಿದ್ದರು.

"ಒಂದೇ ಒಂದ್ಸಲ ಬಾರಿಸ್ತೀನಿ ಅಂಕಲ್," ಅಂತ ದುಂಬಾಲು ಬಿದ್ದೆ.

"ಬೇಡ ಪಾಪಾ. ಇದರ ಸದ್ದು ಕೇಳಿದ್ರೆ ಯಾರದೋ ಮನೆ ಉರೀತಿದೆ ಅಂತ ಅರ್ಥ," ಅಂದರು ತೆಲುಗಿನಲ್ಲಿ.

ನನಗೆ ಸಿಟ್ಟೇ ಬಂದಿತ್ತು. ಆಮೇಲೊಂದು ಮಧ್ಯಾಹ್ನ ಆ ಗಂಟೆ ಢಣಢಣ ಅನ್ನುತ್ತಾ ಬೀದಿ ದಾಟಿ ಹೋಯಿತು. ಸಂಜೆ ಮೈಯೆಲ್ಲ ಮಸಿಯಾಗಿ ವಾಪಸ್ಸಾದ ಸೂರಯ್ಯಗಾರು, ಮುಖ ತೊಳೆಯುವ ಮೊದಲೇ ಗಂಟೆಯ ನಾಲಿಗೆಗೆ ಬಟ್ಟೆ ಸುತ್ತಿದರು.

ಈಗ ನೋಡುತ್ತೇನೆ, ಪೂಜೆಯ ಗಂಟೆ ಉಜ್ಜುತ್ತಿರುವ ನನ್ನ ಬೆರಳೂ ಅದರ ನಾಲಿಗೆಯನ್ನು ಭದ್ರವಾಗಿ ಹಿಡಿದುಕೊಂಡಿದೆ.