ಕೀಬೋರ್ಡಿನ ಸ್ವಿಚ್ ತೆಗಿ

ಆವತ್ತಿನ ಮುಂಜಾನೆ ಎಂದಿನ ಹಾಗೆಯೇ ನಡೆದಿತ್ತು. ಅಂಗಳಕ್ಕೆ ನೀರು ಹೊಡೆದು, ಚಹಾ ಕುದಿಸಿ, ಯಜಮಾನರ ಡಬ್ಬಿಗೆ ರೊಟ್ಟಿ, ಬದನೆಕಾಯಿ ಪಲ್ಯ ತುಂಬಿದೆ. ಅವರ ಬೈಕು ಮೂಡಲಗಿಯ ಗೊಬ್ಬರದ ಅಂಗಡಿಯ ಕಡೆ ಹೊರಟ ಮೇಲೆ ಸೆರಗಿಗೆ ಕೈ ಒರೆಸಿಕೊಂಡು ಲ್ಯಾಪ್‌ಟಾಪಿನ ಮುಂದೆ ಕುಳಿತೆ.

ಗೋಕಾಕಕ್ಕೆ ಸೊಸೆಯಾಗಿ ಬಂದ ಮೇಲೆ ಮೊದಲ ಸಲ ನಾನು ಟೀಚರ್ ಆಗುವವಳಿದ್ದೆ. ಮೂಡಲಗಿಯ ಒಬ್ಬಳು, ದಡ್ಡಿ ಊರಿನ ಒಬ್ಬಳು, ಹುಕ್ಕೇರಿಯ ಒಬ್ಬ ಅಕ್ಕ, ಮೂವರೂ ನನ್ನಂತೆ ಮನೆ ನೋಡಿಕೊಳ್ಳುವವರು. ಅವರಿಗೆ ಹನ್ನೊಂದಕ್ಕೆ, ಕುಳಿತಲ್ಲಿಂದಲೇ ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷ್ ಕಲಿಸುವ ಕ್ಲಾಸು. ಹುಕ್ಕೇರಿಯ ಅಕ್ಕ ಮೊದಲೇ ಹೇಳಿಬಿಟ್ಟಿದ್ದರು: “ಒಂದ್ ದಿನ ನೋಡ್ತೇನ್ರಿ. ಅಕ್ಷರ ದೊಡ್ಡೂ ಮಾಡಿ ತೋರಿಸಿದ್ರ ಇರ್ತೇನಿ. ಬರೇ ಮಾತಾಡಿದ್ರ ನನ್ನ ತಲ್ಯಾಗ ನಿಂದ್ರೂದಿಲ್ಲ.” ಉಳಿದಿಬ್ಬರನ್ನು ಕರೆತಂದವರೂ ಅವರೇ. ಅವರು ಎದ್ದರೆ ಕ್ಲಾಸೇ ಎದ್ದಂತೆ.

ಲ್ಯಾಪ್‌ಟಾಪಿನ ಸ್ವಂತ ಕೀಲಿಗಳು ಎಂದೋ ಚಹಾ ಕುಡಿದು ಸತ್ತಿದ್ದವು. ಅದಕ್ಕೇ ಯಜಮಾನರು ಹಿಂದಿನ ದಿನ ವೈರಿಲ್ಲದ ಕೀಬೋರ್ಡ್ ತಂದು, ಜೋಡಿಸಿ ಕೊಟ್ಟಿದ್ದರು. ಅದರ ಬೆನ್ನಿಗೆ ಜೋಳದ ಕಾಳಿನಷ್ಟು ಸ್ವಿಚ್ಚು. ಮುಂದಿನ ಮೂಲೆಯಲ್ಲಿ ಗುಂಡುಪಿನ್ನಿನ ತಲೆಯಷ್ಟು ದೀಪ. ಉಗುರಿನಿಂದ ಸ್ವಿಚ್ಚು ಸರಿಸಿದೆ. ದೀಪ ಹಸಿರಾಗಿ ಹತ್ತಿತು. ಆಹಾ ಅನ್ನುವಷ್ಟರಲ್ಲಿ ಆರಿಹೋಯಿತು. ಕೆಟ್ಟೇ ಹೋಯಿತು ಅಂದುಕೊಂಡೆ. ಒಂದು ಕೀಲಿಯನ್ನೂ ಒತ್ತಿ ನೋಡದೆ ಯಜಮಾನರಿಗೆ ಫೋನ್ ಮಾಡಿದೆ.

“ದೀಪ ಹತ್ತಿ ಆರಿತ್ರಿ.”

“ಸ್ವಿಚ್ ತೆಗಿ. ತೆಗದ ಇಡು, ಮತ್ತ ಮುಟ್ಟಬ್ಯಾಡ,” ಎಂದರು. ಆ ಕಡೆ ಯಾರೋ ಯೂರಿಯಾ ಕೇಳುತ್ತಿದ್ದರು. ಫೋನ್ ಇಟ್ಟರು.

ತೆಗಿ ಅಂದರು, ತೆಗೆದೆ. ಸ್ವಿಚ್ಚು ಹಿಂದಕ್ಕೆ ಸರಿದಾಗ ಅದರ ಕೆಳಗೆ ಚೂರು ಕೆಂಪು ಬಣ್ಣ ಕಂಡಿತು. ನಮ್ಮ ಮನೆಯ ಬೋರ್ಡಿನಲ್ಲಿ ಕೆಂಪು ಕಂಡಿತೆಂದರೆ ಕರೆಂಟ್ ಬಂದಿದೆ ಎಂದರ್ಥ. ಹಾಗಾಗಿ ಕೆಂಪು ನೋಡಿ, ಈಗ ಚಾಲೂ ಆಯಿತೆಂದು ನನಗೆ ಸಮಾಧಾನವೇ ಆಯಿತು. ಒತ್ತಿದೆ. ಅಕ್ಷರವಿಲ್ಲ. ಜೋರಾಗಿ ಒತ್ತಿದೆ. ಆಗಲೂ ಇಲ್ಲ.

ಪಡಸಾಲೆಯಲ್ಲಿ ಜೋಳದ ಹಿಟ್ಟು ಸೋಸುತ್ತಿದ್ದ ಅತ್ತೆ ಕತ್ತೆತ್ತಿ ನೋಡಿದರು. “ಹತ್ತಿದ ದೀಪ ತಾನ ಆರಿತಂದ್ರ ಎಣ್ಣಿ ತೀರೇತಿ. ಸೆಲ್ ಬದಲ ಮಾಡವಾ.”

ಖರೆ ಅನ್ನಿಸಿತು. ಮನೆಯಲ್ಲಿ ಬೇರೆ ಸೆಲ್ ಇರಲಿಲ್ಲ. ಒಂದನ್ನು ಗೋಡೆಯ ಗಡಿಯಾರದಿಂದ, ಇನ್ನೊಂದನ್ನು ಟಿವಿಯ ರಿಮೋಟಿನಿಂದ ಕಿತ್ತು ಹಾಕಿದೆ. ಅಕ್ಷರ ಬರಲಿಲ್ಲ, ಗಡಿಯಾರ ಮಾತ್ರ ನಿಂತಿತು.

“ಛೊಲೋ ಆತು,” ಎಂದರು ಅತ್ತೆ. “ಇನ್ನ ಹನ್ನೊಂದ ಹೊಡಿಯೂದ ಇಲ್ಲ. ನಿನ್ನ ಕ್ಲಾಸಿಗೆ ತಡಾ ಆಗೂ ಚಿಂತಿ ಬಿಡು.”

ನಗು ಬಂದರೂ ಕಣ್ಣು ತುಂಬಿತ್ತು. ಫೋನಿನಲ್ಲಿ ಹುಕ್ಕೇರಿಯ ಅಕ್ಕನ ಮೆಸೇಜು ಬಂದು ಬಿದ್ದಿತ್ತು: ‘ಟೀಚರ್, ಕುಂತೇವಿ ನಾವು.’ ಅಷ್ಟರಲ್ಲಿ ಹೊರಗೆ ಹಾಲಿನವಳು ಕೂಗಿದಳು. ಎರಡೂ ಕೈ ಹಿಟ್ಟಾಗಿದ್ದ ಅತ್ತೆ ಒಂದೇ ಉಸಿರಿನಲ್ಲಿ, “ಮೊದಲ ಫ್ಯಾನ್ ತೆಗಿ, ಹಿಟ್ಟು ಹಾರಾಕತ್ತೈತಿ. ಆಮ್ಯಾಲೆ ಬಾಗಲಾ ತೆಗಿ,” ಎಂದರು.

ಎದ್ದು ಫ್ಯಾನ್ ತೆಗೆದೆ, ಅದು ನಿಂತಿತು. ಬಾಗಿಲು ತೆಗೆದೆ, ಅದು ತೆರೆಯಿತು. ಹಾಲಿನ ಪಾತ್ರೆ ಹಿಡಿದು ಹೊಸ್ತಿಲಲ್ಲೇ ನಿಂತುಬಿಟ್ಟೆ. ಯಜಮಾನರು ಹೇಳಿದ್ದು ಯಾವ ತೆಗಿ? ಅವರು ಬಾಗಿಲಿನ ತೆಗಿ ಅಂದಿದ್ದರು, ನಾನು ಫ್ಯಾನಿನ ತೆಗಿ ಕೇಳಿಸಿಕೊಂಡಿದ್ದೆ.

ಓಡಿ ಬಂದು ಸ್ವಿಚ್ಚನ್ನು ಆ ಕಡೆ ಸರಿಸಿದೆ. ಕೆಂಪು ಮುಚ್ಚಿ ಹಸಿರು ಬಣ್ಣ ಕಂಡಿತು. ದೀಪ ಹತ್ತಿತು, ಮತ್ತೆ ಆರಿತು. ಈ ಸಲ ನಾನು ಹೆದರದೆ ಒತ್ತಿದೆ. ಅಕ್ಷರಗಳು ಇರುವೆ ಸಾಲಿನಂತೆ ಹೊರಟವು. ಆ ದೀಪ ಹಾಜರಿ ಹೇಳಿ ಮಲಗುವ ಜಾತಿಯದು. ಅದು ಮಲಗಿದರೂ ಕೀಬೋರ್ಡು ಎಚ್ಚರವಾಗಿಯೇ ಇರುತ್ತದೆ.

ತಡವಾಗಿ ಶುರು ಮಾಡಿದ್ದಕ್ಕೆ ಕಾರಣ ಹೇಳಲೇಬೇಕಾಯಿತು. ಮುಚ್ಚಿಡದೆ ಎಲ್ಲ ಹೇಳಿದೆ. ದಡ್ಡಿಯವಳು ನಕ್ಕು ನಕ್ಕು ಕೆಮ್ಮಿದಳು. ಮೂಡಲಗಿಯವಳು, “ನಮ್ಮನ್ಯಾಗ ನಳಾ ತೆಗಿ ಅಂದ್ರೂ ಹಿಂಗ ಆಕ್ಕೈತ್ರಿ. ಯಾರರೆ ಒಬ್ಬರು ಪಾನಾ ತಗೊಂಡು ನಳಾನ ಬಿಚ್ಚಾಕ ಹೋಗ್ತಾರು,” ಎಂದಳು.

ಹುಕ್ಕೇರಿಯ ಅಕ್ಕ ಮಾತ್ರ ನಗಲಿಲ್ಲ. ಗಂಭೀರವಾಗಿ ಕೇಳಿದರು: “ಹಂಗಾದ್ರ ಟೀಚರ್, ಲೈಟ್ ತೆಗಿ ಅನ್ನಾಕ ‘ಓಪನ್ ದ ಲೈಟ್’ ಅಂದ್ರ ತಪ್ಪೇನ್ರಿ? ನಾ ಮೊನ್ನೆ ಮಗಳ ಮುಂದ ಅಂದೆ, ಅಕಿ ದಿನಾ ಆಡಿಕೊಂಡ ನಗತಾಳು.”

ಕಾನ್ವೆಂಟಿನಲ್ಲಿ ನಾನೂ ಅದನ್ನೇ ಅಂದು ಸಿಸ್ಟರ್ ಕೈಲಿ ತಿದ್ದಿಸಿಕೊಂಡಿದ್ದೆ, ಅದನ್ನೂ ಹೇಳಿದೆ. ಆಗ ಅವರು ನಕ್ಕರು. ನಾನು ಬರೆದಿಟ್ಟುಕೊಂಡಿದ್ದ ಪಾಠ ಬದಿಗಿಟ್ಟು ‘ಓಪನ್’, ‘ಸ್ವಿಚ್ ಆನ್’, ‘ಸ್ವಿಚ್ ಆಫ್’ ಎಂದು ತೆರೆಯ ತುಂಬ ದೊಡ್ಡದಾಗಿ ಬರೆದೆ. ಬಾಗಿಲು, ನಳ, ಒಲೆ, ಫ್ಯಾನು, ಮನೆಯೊಳಗೆ ತೆಗೆಯುವುದೆಲ್ಲ ಒಂದೊಂದಾಗಿ ಬಂತು. ಮುಗಿದಾಗ ಹುಕ್ಕೇರಿಯ ಅಕ್ಕ, “ನಾಳಿ ಇದ ಹೊತ್ತಿಗೇನ್ರಿ?” ಎಂದರು, ಎಷ್ಟೋ ದಿನದಿಂದ ಬರುತ್ತಿದ್ದವರ ಹಾಗೆ.

ಸಂಜೆ ಬಟ್ಟೆ ತೆಗೆಯಲು ಹಿತ್ತಿಲಿಗೆ ಹೋದೆ. ಕಂಪೌಂಡಿನಾಚೆ ಬಾಜೂ ಮನೆಯ ಚಾಚಿ ಮೆಂತ್ಯೆ ಸೋಸುತ್ತಾ ಕುಳಿತಿದ್ದರು.

“ಮುಂಜಾನೆ ನಿಮ್ಮನ್ಯಾಗ ಭಾಳ ನಗೂದು ಕೇಳಾಕತ್ತಿತ್ತಲ್ರಿ, ಬೀಗರು ಬಂದಿದ್ರೇನು?”

“ಇಲ್ರಿ ಚಾಚಿ, ಕ್ಲಾಸ್ ನಡದಿತ್ತು.”

“ಅದು ಸಾಲಿಯೇನ್ರಿ?” ಎಂದು ಹಳದಿ ಎಲೆಯೊಂದನ್ನು ಚಿವುಟಿ ಎಸೆದರು. “ಸಾಲ್ಯಾಗ ಹಿಂಗ ನಗತಾರಂತ ಗೊತ್ತಿದ್ರ ನಾ ನಾಕನೇ ಇಯತ್ತೆಗೇ ಬಿಡ್ತಿದ್ದಿಲ್ಲ ನೋಡ್ರಿ.”