ಮೇಷ್ಟ್ರು ಮುದ್ದೆ ಅಗಿದದ್ದು

ಕೂಡಿಬರುತ್ತಿದ್ದ ಅಕ್ಕನ ಸಂಬಂಧವನ್ನು ಮುರಿಯುವ ಅಂಚಿಗೆ ತಂದವನು ನಾನೇ. ಅದೂ ಒಂದು ತುತ್ತಿನ ಅಣಕಕ್ಕಾಗಿ. ಇದನ್ನು ಒಪ್ಪಿಕೊಳ್ಳುವ ಬುದ್ಧಿ ಬಂದದ್ದು ಮಾತ್ರ ಇವತ್ತು ಬೆಳಿಗ್ಗೆ, ಕೆ.ಆರ್. ಪೇಟೆ ಬಸ್ಸಿನಲ್ಲಿ. ತಿಂಡಿ ತಿನ್ನದೆ ಹತ್ತಿದ್ದೆ. ಬಸ್ಸು ನಿಂತು ಎಂಜಿನ್ನು ಸುಮ್ಮನಾದ ಗಳಿಗೆಯನ್ನೇ ಕಾದಿದ್ದ ಹಾಗೆ ನನ್ನ ಹೊಟ್ಟೆ ಗುಳುಗುಳು ಎಂದು ಶುರುಮಾಡಿ ಗೊರ್ರ್ ಎಂದು ಮುಗಿಸಿತು. ಪಕ್ಕದ ಯಜಮಾನರು ತಿರುಗಿ ನೋಡಿದರು. ನೀವೇ ಹೇಳಿ, ಊರಿನ ಎಮ್ಮೆಯಿಂದ ಹಿಡಿದು ಪಂಚಾಯ್ತಿ ಮೆಂಬರ್‌ವರೆಗೆ ಎಲ್ಲರನ್ನೂ ಅಣಕಿಸುವ ನನ್ನನ್ನು ನನ್ನ ಹೊಟ್ಟೆಯೇ ಅಣಕಿಸಿದರೆ ಯಾರಿಗೆ ದೂರು ಕೊಡಲಿ?

ನಮ್ಮದು ಅಕ್ಕಿಹೆಬ್ಬಾಳು. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಮುರಿದು, ಬೆರಳಲ್ಲಿ ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ, ನಾಲಿಗೆಯ ಮೇಲಿಟ್ಟು ಜಾರಿಸುವುದು. ಹಲ್ಲುಗಳಿಗೆ ಅಲ್ಲಿ ಕೆಲಸವಿಲ್ಲ. ಮದುವೆ ಮನೆಗೆ ಬಂದ ದೂರದ ನೆಂಟರ ಹಾಗೆ ಸಾಲಾಗಿ ನಿಂತು ನೋಡಬೇಕು ಅಷ್ಟೆ. ಈ ವಿದ್ಯೆಯನ್ನು ನಾನು ಕಲಿತದ್ದು ಗಂಟಲಿಗೆ ಸಿಕ್ಕಿಸಿಕೊಂಡು, ಕಣ್ಣು ಮೇಲಕ್ಕೆ ಮಾಡಿ, ಅವ್ವನಿಂದ ಬೆನ್ನಿಗೆ ಗುದ್ದಿಸಿಕೊಂಡು. ಅವ್ವನ ಗುದ್ದಿಗೆ ಹೆದರಿಯೇ ಮುಂದಿನ ತುತ್ತು ತಾನಾಗಿ ಇಳಿಯಿತು ಅನ್ನಿ.

ಅಕ್ಕನಿಗೆ ಗೊತ್ತುಮಾಡುತ್ತಿದ್ದ ಗಂಡು ಶ್ರೀರಂಗಪಟ್ಟಣದಲ್ಲಿ ವಿಜ್ಞಾನದ ಮೇಷ್ಟ್ರು. ಅವರ ಮನೆಯಲ್ಲಿ ಅನ್ನ, ಚಪಾತಿ ಅಷ್ಟೆ; ಮುದ್ದೆಯ ಪರಿಚಯವಿಲ್ಲ. ಹಿರಿಯರೊಂದಿಗೆ ಬಂದು ಹೆಣ್ಣು ನೋಡಿ ಹೋಗಿದ್ದರು. ಎರಡನೇ ಸಲ ಅವರೊಬ್ಬರನ್ನೇ ಊಟಕ್ಕೆ ಕರೆದಿದ್ದೆವು. ಅದನ್ನು ಪರೀಕ್ಷೆ ಎಂದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಚಿನಕುರಳಿಯಿಂದ ದೊಡ್ಡಪ್ಪ ಸ್ಕೂಟರ್ ಹತ್ತಿ ಬಂದರೆಂದರೆ ಅದು ಪರೀಕ್ಷೆಯೇ. ತನ್ನ ಈ ಅಣ್ಣನ ಮುಂದೆ ಅಪ್ಪ ಬಾಯಿ ತೆರೆಯುವುದು ಊಟಕ್ಕೆ ಮಾತ್ರ. ಇನ್ನು ಅಕ್ಕ, ಹಿಂದೆ ಬಂದ ಗಂಡುಗಳಿಗೆಲ್ಲ ಕಾಫಿ ಕೊಟ್ಟು ಒಳಗೆ ಹೋಗಿ ಮೊಬೈಲು ಹಿಡಿಯುತ್ತಿದ್ದವಳು, ಅವತ್ತು ಬಸ್ಸಾರಿಗೆ ತಾನೇ ಒಗ್ಗರಣೆ ಹಾಕಿ ಎರಡು ಸಲ ಉಪ್ಪು ನೋಡಿದ್ದಳು. ಮನೆಯವರಿಗೆಲ್ಲ ಅರ್ಥವಾಗಿತ್ತು.

ಮೇಷ್ಟ್ರು ಮೊದಲ ತುತ್ತು ಬಾಯಿಗಿಟ್ಟರು. ಅಗಿದರು. ಮತ್ತೆ ಅಗಿದರು. ಮುದ್ದೆ ಒಸಡಿಗೆ ಮೆತ್ತಿಕೊಂಡಿತು. ನಾಲಿಗೆ ಅದನ್ನು ಹುಡುಕಿಕೊಂಡು ಹೊರಟು ಒಮ್ಮೆ ಈ ಕೆನ್ನೆ ಉಬ್ಬಿತು, ಒಮ್ಮೆ ಆ ಕೆನ್ನೆ. ದೊಡ್ಡಪ್ಪ ಎರಡನೇ ಮುದ್ದೆ ಮುಗಿಸುತ್ತಿದ್ದರು.

“ಅದೇನಪ್ಪಾ ಅಂಗೆ ಅಗೀತಾ ಇದ್ದೀಯ? ಅದು ಮುದ್ದೆಯೋ, ಕಬ್ಬಿನ ಜಲ್ಲೆಯೋ?”

ನಾನು ಸಾರಿನ ಪಾತ್ರೆ ಹಿಡಿದು ಮೇಷ್ಟ್ರ ಬೆನ್ನ ಹಿಂದೆ ನಿಂತಿದ್ದೆ. ಸುಮ್ಮನಿರಬಹುದಿತ್ತು. ಕೆನ್ನೆ ಉಬ್ಬಿಸಿ, ಕಣ್ಣು ಅರೆ ಮುಚ್ಚಿ, ಮೆಲುಕು ಹಾಕುವ ಹಸುವಿನಂತೆ ದವಡೆ ತಿರುಗಿಸಿದೆ. ಅಪ್ಪನಿಗೆ ನಗು ತಡೆಯದೆ ನೆತ್ತಿಗೆ ಹತ್ತಿತು. ಮೇಷ್ಟ್ರು ತಿರುಗಿದರು. ನನ್ನ ಕೆನ್ನೆ ಇನ್ನೂ ಉಬ್ಬಿಯೇ ಇತ್ತು. ಅಡುಗೆಮನೆ ಬಾಗಿಲಲ್ಲಿದ್ದ ಅಕ್ಕನ ಮುಖ ಮಾತ್ರ ಸಪ್ಪಗಾಯಿತು.

“ನಗೋ ಮಾತಲ್ಲ ಕಣ್ಲಾ,” ಎಂದರು ದೊಡ್ಡಪ್ಪ ಅಪ್ಪನಿಗೆ. “ಮುದ್ದೆ ನುಂಗಾಕೆ ಬರದೋರ ಮನೇಲಿ ನಮ್ಮ ಎಣ್ಣು ಎಂಗೆ ಬಾಳ್ತಾಳೆ? ಯೋಚ್ನೆ ಮಾಡಾನ.”

ದೊಡ್ಡಪ್ಪ ‘ಯೋಚ್ನೆ ಮಾಡಾನ’ ಎಂದರೆ ಯೋಚನೆ ಮುಗಿದಿದೆ ಎಂದು ಅರ್ಥ.

ಮೇಷ್ಟ್ರು ಕೊನೆಗೂ ಆ ತುತ್ತು ಇಳಿಸಿ, ನೀರು ಕುಡಿದು ನನ್ನತ್ತ ನೋಡಿದರು. “ಚೆನ್ನಾಗಿ ಮಾಡ್ತೀಯಪ್ಪ. ಆದ್ರೆ ಬಾಯಿಗೇ ನಿಲ್ಲಿಸ್ಬಿಟ್ಟೆಯಲ್ಲ? ಗಂಟಲಿಂದ ಕೆಳಗಿಂದೂ ಮಾಡು, ನೋಡೋಣ.”

ಅಣಕಿಸುವವನಿಗೆ ಹೀಗೆ ಸವಾಲು ಹಾಕಬಾರದು. ಪಾತ್ರೆ ಕೆಳಗಿಟ್ಟೆ. ಅವರು ಹೇಳುತ್ತಾ ಹೋದರು, ನಾನು ಮಾಡುತ್ತಾ ಹೋದೆ. ತುತ್ತು ಬಾವಿಗೆ ಬಿದ್ದ ಕಲ್ಲಿನಂತೆ ಧೊಪ್ಪನೆ ಬೀಳುವುದಿಲ್ಲವಂತೆ, ಅನ್ನನಾಳ ಹಿಂದಿನಿಂದ ಹಿಸುಕಿ ಹಿಸುಕಿ ಮುಂದಕ್ಕೆ ತಳ್ಳುತ್ತದಂತೆ. ನಾನು ಕಂಬಕ್ಕೆ ಒರಗಿ ಮೈ ಕೊಂಕಿಸುತ್ತಾ ಜಾರಿದೆ. ಜಠರವೆಂದರೆ ಹುಳಿ ತುಂಬಿದ ಚೀಲ, ಗಂಟೆಗಟ್ಟಲೆ ಕಡೆಯುತ್ತದೆ ಎಂದರು. ಎರಡು ಕೈಯಲ್ಲೂ ರುಬ್ಬುಗುಂಡು ತಿರುಗಿಸಿದಂತೆ ಮಾಡಿ, ಗೊರ್ರ್ ಎಂದು ಸದ್ದನ್ನೂ ಸೇರಿಸಿದೆ. ಪಿತ್ತರಸ ಬಂದು, ಸೋಪು ಪಾತ್ರೆಯ ಜಿಡ್ಡು ಬಿಡಿಸುವ ಹಾಗೆ, ಕೊಬ್ಬನ್ನು ಬಿಡಿಸಿತು. ಸಣ್ಣ ಕರುಳು ಸತ್ವವನ್ನೆಲ್ಲ ಹೀರಿಕೊಳ್ಳುತ್ತದೆ ಎಂದಾಗ ಕಂಬಕ್ಕೆ ಸುತ್ತು ಹಾಕಿದೆ, ತಲೆ ತಿರುಗುವವರೆಗೆ. ದೊಡ್ಡ ಕರುಳು ನೀರು ಹೀರಿತು. ನಾನು ಇನ್ನೊಂದು ಹೆಜ್ಜೆ ಮುಂದಿಡುವಷ್ಟರಲ್ಲಿ ಅವ್ವ ಒಳಗಿಂದ ಕೂಗಿದಳು:

“ಸಾಕು ನಿಲ್ಸಲಾ, ಅಲ್ಲಿಂದಾಚೆಗೆ ಓಗ್ಬ್ಯಾಡ! ಉಣ್ಣಾಕೆ ಕೂತವ್ರೆ!”

ದೊಡ್ಡಪ್ಪನ ಮೀಸೆಯೂ ಅಲುಗಿತು. ಆದರೆ ಪಟ್ಟು ಬಿಡಲಿಲ್ಲ. “ಒಳಗೆ ಇಷ್ಟೆಲ್ಲ ತಾನಾಗೇ ಆಯ್ತದಲ್ಲ, ಮತ್ಯಾಕಪ್ಪ ಅಗೀಬೇಕು? ನುಂಗಿದ್ರೆ ಸಂಜೆಗಂಟ ನಿಲ್ತದೆ. ಗೇಯೋರಿಗೆ ಅದೇ ಬೇಕು.”

“ಅದು ನಿಜ,” ಎಂದರು ಮೇಷ್ಟ್ರು. “ಗಟ್ಟಿ ಉಂಡೆ ಕರಗೋಕೆ ಹೊತ್ತು ಬೇಕು. ನಾನು ಅಗಿದದ್ದು ನುಂಗೋಕೆ ಬರದೆ. ಆದ್ರೆ ಜೀರ್ಣ ಆಗೋದು ಬಾಯಲ್ಲೇ ಶುರುವಾಗುತ್ತೆ. ಎಂಜಲು ಹಿಟ್ಟನ್ನ ಸಕ್ಕರೆ ಮಾಡೋಕೆ ಹೊರಡುತ್ತೆ. ಚೆನ್ನಾಗಿ ಅಗಿದ್ರೆ ಮುದ್ದೆ ಸಿಹಿ ಬರುತ್ತೆ.”

“ಸಿಹಿಯಾ!” ದೊಡ್ಡಪ್ಪ ತೊಡೆ ತಟ್ಟಿದರು. “ನಮ್ಮ ತಾತನ ಕಾಲ್ದಿಂದ ಉಣ್ತಾ ಇದ್ದೀವಿ, ಒಬ್ನಾದ್ರೂ ಸಿಹಿ ಅನ್ನಿಲ್ಲ. ಮಕ್ಕಳಿಗೂ ಇಂಗೇ ಪಾಠ ಮಾಡ್ತೀಯೇನಪ್ಪ?”

ಈ ಸಲ ಯಾರೂ ನಗಲಿಲ್ಲ. ನಾನು ಬಾಗಿಲ ಕಡೆ ನೋಡಿದೆ. ಅಕ್ಕ ಅಲ್ಲಿರಲಿಲ್ಲ. ಒಳಗೆ ಹೋಗಿ ಅಳುತ್ತಿದ್ದಾಳೆ ಅಂದುಕೊಂಡೆ. ಇವತ್ತು ಬಸ್ಸಿನಲ್ಲಿ ನನ್ನ ಹೊಟ್ಟೆಯ ಸದ್ದಿಗೆ ಯಜಮಾನರು ಮುಸಿಮುಸಿ ನಕ್ಕಾಗ ನನಗೆ ನೆನಪಾದದ್ದು ಆ ಖಾಲಿ ಬಾಗಿಲೇ. ನನ್ನ ನಗೆಯ ಪಾಲು ಯಾರ ತಟ್ಟೆಗೆ ಬೀಳುತ್ತದೆಂದು ನಾನು ಅದುವರೆಗೆ ನೋಡಿರಲೇ ಇಲ್ಲ.

ಸ್ವಲ್ಪ ಹೊತ್ತಿಗೆ ಅಕ್ಕ ಹೊರಬಂದಳು. ಅತ್ತಿರಲಿಲ್ಲ. ಒಂದು ಕೆನ್ನೆ ಉಬ್ಬಿತ್ತು. ದೊಡ್ಡಪ್ಪನ ಎದುರೇ ನಿಂತು, ಅವಸರವಿಲ್ಲದೆ ಅಗಿದು, ನುಂಗಿ, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಹೇಳಿದಳು:

“ಸಿಹಿ ಬತ್ತದೆ ದೊಡ್ಡಪ್ಪ. ಇಷ್ಟು ವರ್ಸ ನುಂಗ್ಸಿ ನುಂಗ್ಸಿ ನಮಗೆ ರುಚೀನೇ ತೋರಿಸ್ನಿಲ್ವಲ್ಲ ನೀವು!”