ಏಳು ದಿನ ಕಾಯಬೇಕಿದ್ದ ರಸ್ತೆ

ಹೋದ ಬೇಸಿಗೆಯಲ್ಲಿ ಕಂಪ್ಲಿ ಹತ್ತಿರದ ಒಂದು ಕೆಲಸದಲ್ಲಿ ಯಾರೋ ಸುಣ್ಣಕ್ಕೆ ನೀರು ಸುರಿದರು. ಆ ಬಿಸಿ ವಾಸನೆ ಮೂಗಿಗೆ ಬಡಿದದ್ದೇ ಲ್ಯಾಬ್ ಮೇಡಂ ನೆನಪಾದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ...

ವರ್ಷಗಳ ಹಿಂದೆ ಅವರು ಹೊಸಪೇಟೆಯ ಕಾಲೇಜೊಂದರಲ್ಲಿ ಮಣ್ಣು ಪರೀಕ್ಷೆಯ ಲ್ಯಾಬ್ ನೋಡಿಕೊಳ್ಳುತ್ತಿದ್ದರು. ನಾನು ಆಗಷ್ಟೇ ರಸ್ತೆ ಕೆಲಸಕ್ಕೆ ಸೇರಿದ ಇಂಜಿನಿಯರ್. ಕಂಪ್ಲಿ ಕಡೆಯ ಕಪ್ಪು ಮಣ್ಣು ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿದು, ಹಾಕಿದ ರಸ್ತೆಯನ್ನೆಲ್ಲ ಒಡೆಯುತ್ತಿತ್ತು. ಗದ್ದೆಗಳ ನಡುವಿನ ಒಂದು ಊರಿಗಂತೂ ಮಳೆಗಾಲದಲ್ಲಿ ಆಂಬ್ಯುಲೆನ್ಸ್ ಹೋಗುತ್ತಿರಲಿಲ್ಲ. ಹೆರಿಗೆ ನೋವು ಬಂದವರನ್ನು ಟ್ರ್ಯಾಕ್ಟರಿನಲ್ಲಿ ತರುತ್ತಿದ್ದರು. ಅಕ್ಕಿ ಗಿರಣಿಗಳು ಹೊರಗೆ ಸುರಿಯುವ ಹೊಟ್ಟಿನ ಬೂದಿ, ಉಕ್ಕಿನ ಕಾರ್ಖಾನೆಯ ಕಿಟ್ಟದ ಪುಡಿ, ಒಂದಿಷ್ಟು ಸುಣ್ಣ ಬೆರೆಸಿದರೆ ಆ ಮಣ್ಣು ಗಟ್ಟಿಯಾಗುತ್ತದೆಂದು ಮೇಡಂ ಲ್ಯಾಬಿನಲ್ಲಿ ತೋರಿಸಿದ್ದರು. ಆ ಊರಿನ ರಸ್ತೆಯ ಒಂದು ತುಂಡು ಪ್ರಯೋಗಕ್ಕೆ ಸಿಕ್ಕಿತು. ಉಸ್ತುವಾರಿ ನನ್ನದು.

"ತೇವ ಆರಬಾರದು. ಏಳು ದಿನ ಒಂದು ಗಾಡಿನೂ ಬಿಡಬ್ಯಾಡವ್ವ," ಎಂದಿದ್ದರು.

ಮಿಶ್ರಣ ಹಾಸಿದ ಮೂರನೇ ದಿನ ಮೋಡ ಕವಿಯಿತು. ಜಲ್ದಿ ಮುಗಿಸೋಣ ಎಂದು ಕಂಟ್ರಾಕ್ಟರ್ ಬೆನ್ನು ಹತ್ತಿದ. ನಾನು ಹೂಂ ಎಂದೆ. ಜಲ್ಲಿ ಲಾರಿಗಳು ಅದರ ಮೇಲೇ ಓಡಿದವು. ವರದಿಯಲ್ಲಿ ಮಾತ್ರ ಏಳು ದಿನ ಎಂದೇ ಬರೆದೆ. ಮಳೆಗಾಲ ಮುಗಿಯುವ ಮೊದಲೇ ರಸ್ತೆ ಬಾಯಿಬಿಟ್ಟಿತು.

ಮೇಡಂ ಬಂದು, ಬಿರುಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಮಣ್ಣು ಕೆದಕಿದರು.

"ಏಳು ದಿನ ಹಂಗ ಬಿಟ್ಟಿದ್ದಿ ಹೌದಿಲ್ಲೊ?"

"ಹೌದ್ರಿ ಮೇಡಂ."

ಎರಡನೇ ಸಲ ಕೇಳಲಿಲ್ಲ. ನಂಬಿದರು...

ಪ್ರಯೋಗ ಅಲ್ಲಿಗೇ ನಿಂತಿತು. ಜನ ಅವರನ್ನು ಬೂದಿ ಮೇಡಂ ಎಂದು ಆಡಿಕೊಂಡರು. ಅವರು ನಿವೃತ್ತಿಯವರೆಗೂ ಬೂದಿ ಹೆಚ್ಚಿಸಿ, ಸುಣ್ಣ ಇಳಿಸಿ, ಇಲ್ಲದ ತಪ್ಪನ್ನು ಹುಡುಕುತ್ತಲೇ ಇದ್ದರು. ಆ ಕಾಲೇಜಿನ ಮುಂದೆ ಹಾಯುವಾಗಲೆಲ್ಲ ನಾನು ಸ್ಕೂಟಿಯ ವೇಗ ಹೆಚ್ಚಿಸುತ್ತಿದ್ದೆ.

ಸುಣ್ಣದ ವಾಸನೆ ಕಾಡಿದ ಆ ಬೇಸಿಗೆಯಲ್ಲೇ, ಅದೇ ಊರಿನ ರಸ್ತೆಗೆ ಅವರದೇ ಮಿಶ್ರಣ ಹಾಕಿಸಿದೆ. ಏಳು ದಿನವೂ ನಾನೇ ಅಡ್ಡ ನಿಂತು ಗಾಡಿ ತಡೆದೆ. ಒಂದು ಮಳೆಗಾಲ ಕಳೆಯಿತು, ರಸ್ತೆ ಕದಲಲಿಲ್ಲ.

ಹೋದ ವಾರ ಅದನ್ನು ಹೇಳಲು ಮಲಪನಗುಡಿಯ ಅವರ ಮನೆಗೆ ಹೋದೆ. ಬಾಗಿಲು ತೆರೆದವರು ಮೇಡಂ ಅವರ ಅಕ್ಕ. ಮೇಡಂ ತೀರಿಕೊಂಡು ಆಗಲೇ ನಾಲ್ಕು ತಿಂಗಳಾಗಿತ್ತು.

"ಆಸ್ಪತ್ರ್ಯಾಗ ಮಲಗಿದಾಗ್ಲೂ ಅದನ್ನ ಅಂತಿದ್ಲು, ಎಲ್ಲಿ ತಪ್ಪಿದೆ ನಾ, ಅಂತ."

"ತಪ್ಪು ಅವರದಲ್ರಿ... ನಂದು," ಎಂದೆ. ಮೂರನೇ ದಿನದ ಲಾರಿಗಳ ವಿಷಯ ಹೇಳಿದೆ.

"ಇದನ್ನ ಹೇಳಾಕ ಇಷ್ಟು ವರ್ಷ ಬೇಕಾತೇನವ್ವ?"

ಅವರು ಕುಂದ್ರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಾನು ಬಾಗಿಲಲ್ಲೇ ನಿಂತಿದ್ದೆ.